ಬೂತ್ ಮುಚ್ಚಿದಾಗ ನಮಗೆ ಪಾಲು ಕೊಟ್ಟವರಾರು?

ವಾಟ್ಸ್‌ಆ್ಯಪ್ ಕರೆಗೂ ಲೈಸೆನ್ಸ್ ಬೇಕು, ನೆಟ್‌ವರ್ಕ್ ಖರ್ಚಿನಲ್ಲಿ ಅಂಥ ಆ್ಯಪಿನವರೂ ಪಾಲು ಕೊಡಬೇಕು ಎಂದು ಟೆಲಿಕಾಂ ಕಂಪನಿಗಳು ವರ್ಷಗಳಿಂದ ಹಟ ಹಿಡಿದಿವೆ. ಕುಂದಾಪುರದಲ್ಲಿ ಎಸ್‌ಟಿಡಿ ಬೂತ್ ನಡೆಸಿ, ಮುಚ್ಚಿ, ಅದೇ ಕೋಣೆಯಲ್ಲೀಗ ಜೆರಾಕ್ಸ್ ಮಾಡಿಕೊಂಡಿರುವ ನನಗೆ ಈ ಅಳು ಕೇಳಿದರೆ ನಗು ಬರುತ್ತದೆ.

ನಮ್ಮ ಬೂತಿಗೆ ಗಲ್ಫಿಗೆ ಹೋದವರ ಮನೆಗಳೇ ಆಧಾರ. ದುಬೈಗೆ ನಿಮಿಷಕ್ಕೆ ಹತ್ತಾರು ರೂಪಾಯಿ ಬೀಳುತ್ತಿದ್ದ ಕಾಲ. ಹೇಳಬೇಕಾದ್ದನ್ನೆಲ್ಲ ಹೆಂಗಸರು ಚೀಟಿಯಲ್ಲಿ ಬರೆದುಕೊಂಡೇ ಬರುತ್ತಿದ್ದರು: ಮಗುವಿನ ಜ್ವರ, ಶಾಲೆ ಫೀಸು, ಅತ್ತೆಯ ಕಣ್ಣಿನ ಆಪರೇಷನ್. ಬಾಯಿ ರಿಸೀವರಿನಲ್ಲಿ, ಕಣ್ಣು ಮೀಟರಿನ ಕೆಂಪು ಅಂಕಿಯ ಮೇಲೆ. ಒಬ್ಬಾಕೆಯಂತೂ ಚೀಟಿ ಅರ್ಧಕ್ಕೆ ಬರುವಷ್ಟರಲ್ಲಿ ‘ಆಯ್ತು, ಇಡ್ತೇನೆ’ ಎಂದು ಇಟ್ಟು, ಉಳಿದದ್ದನ್ನು ನಮ್ಮ ಬೆಂಚಿನಲ್ಲೇ ಕೂತು ಏರೋಗ್ರಾಮಿಗೆ ಇಳಿಸುತ್ತಿದ್ದಳು. ಆ ಕೆಂಪು ಅಂಕಿಯಲ್ಲಿ ನನ್ನ ಕಮಿಷನ್ನೂ ಇತ್ತೆನ್ನಿ.

ಸರ್ಕಾರ 2002ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ಕರೆಗೆ ಒಪ್ಪಿಗೆ ಕೊಟ್ಟಿತು. ಆದರೆ ಹೇಗೆ? ಇಲ್ಲಿಯ ಕಂಪ್ಯೂಟರಿನಿಂದ ಅಮೆರಿಕದ ಫೋನಿಗೆ ಮಾತಾಡಬಹುದು, ಮಂಗಳೂರಿನ ಫೋನಿಗೆ ಕೂಡದು! ಆ ಗಂಟು ಸಡಿಲವಾಗಲು 2018 ಬರಬೇಕಾಯಿತು. ಅಷ್ಟರಲ್ಲಿ ನಮ್ಮಂಥವರ ಬೂತುಗಳ ಕಥೆ ಮುಗಿದಿತ್ತು. ಮುಗಿಸಿದ್ದು ಇಂಟರ್ನೆಟ್ಟೂ ಅಲ್ಲ, ಇದೇ ಕಂಪನಿಗಳ ಅಗ್ಗದ ಮೊಬೈಲು. ಆಗ ನಮ್ಮ ನಷ್ಟದಲ್ಲಿ ಪಾಲು ಕೊಡುತ್ತೇವೆಂದು ಯಾರೂ ಬರಲಿಲ್ಲ. ನಾವೂ ಕೇಳಲಿಲ್ಲ, ವ್ಯಾಪಾರ ಅಂದರೆ ಅಷ್ಟೇ.

ಇಂಟರ್ನೆಟ್ ಕರೆಯನ್ನು ಪುಕ್ಕಟೆ ಅನ್ನುವುದೂ ಸರಿಯಲ್ಲ. ಡೇಟಾ ಪ್ಯಾಕಿಗೆ ಗಿರಾಕಿ ಮೊದಲೇ ದುಡ್ಡು ಕಟ್ಟಿರುತ್ತಾನೆ. ಅದರಲ್ಲಿ ಸಿನಿಮಾ ನೋಡಲಿ, ಮಗಳ ಹತ್ತಿರ ಮಾತಾಡಲಿ, ಕಂಪನಿಗೇನು? 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಥ ಕರೆಗಳ ಡೇಟಾಕ್ಕೆ ಬೇರೆ ದರ ಹಾಕಲು ಹೊರಟು, ಜನ ರೇಗಿದ್ದು ನೋಡಿ ಕೆಲವೇ ದಿನಗಳಲ್ಲಿ ಕೈಬಿಟ್ಟಿತು. ತಮಾಷೆ ನೋಡಿ, 2016ರಲ್ಲಿ ಜಿಯೋ ಬಂದದ್ದೇ ಮಾತನ್ನೂ ಡೇಟಾದಂತೆ ತುಂಡು ತುಂಡು ಮಾಡಿ ಕಳಿಸುವ ವೋಲ್ಟಿಯ ಮೇಲೆ. ತಾವು ಮಾಡಿದರೆ ತಂತ್ರಜ್ಞಾನ, ಇನ್ನೊಬ್ಬರು ಮಾಡಿದರೆ ಅನ್ಯಾಯವೇ?

ಮೋಸದ ಕರೆಗಳ ಮಾತು ಬೇರೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಮುದುಕರ ಉಳಿತಾಯ ದೋಚುವವರಿಗೆ ವಿಡಿಯೊ ಕರೆಯೇ ಅಸ್ತ್ರ. ಅವರನ್ನು ಹಿಡಿಯಲು ಸೈಬರ್ ಪೊಲೀಸರಿದ್ದಾರೆ, ದೂರು ಕೊಡಲು 1930 ಸಹಾಯವಾಣಿ ಇದೆ. ಆ ವ್ಯವಸ್ಥೆ ಚುರುಕಾಗಲಿ, ನನ್ನದೇನೂ ತಕರಾರಿಲ್ಲ. ಆದರೆ ಕಂಪನಿಗಳ ಗಲ್ಲಾಪೆಟ್ಟಿಗೆಗೆ ಅದು ನೆಪವಾಗಬಾರದು.

ಲೈಸೆನ್ಸ್ ಬಿಗಿಯಾದರೆ ಏನಾಗುತ್ತದೆ ಎಂಬುದನ್ನು ದುಬೈಯಲ್ಲಿ ನಮ್ಮೂರ ಹುಡುಗರು ಕಂಡಿದ್ದಾರೆ. ಅಲ್ಲಿ ವಾಟ್ಸ್‌ಆ್ಯಪಿನಲ್ಲಿ ಮೆಸೇಜ್ ಹೋಗುತ್ತದೆ, ವಾಯ್ಸ್ ನೋಟ್ ಹೋಗುತ್ತದೆ. ಕರೆಗೆ ಮಾತ್ರ ತಡೆ. ಅನುಮತಿ ಇರುವ ಬೋಟಿಮ್‌ನಂಥ ಆ್ಯಪನ್ನೇ ಹಾಕಿಕೊಳ್ಳಬೇಕು. ಇಂಥ ಕರೆಗಳ ಮೇಲಿನ ನಿಷೇಧವನ್ನು ಪಕ್ಕದ ಸೌದಿ 2017ರಲ್ಲೇ ಸಡಿಲಿಸಿತು. ನಾವು ಯಾವ ಕಡೆ ಹೊರಟಿದ್ದೇವೆ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೇಳಲಿ.