ಚಾವಡಿಯಲ್ಲಿ ನಾಲ್ಕು ಕೊಳಲು

ಆರು ವರ್ಷ ಕೊಳಲು ಕಲಿತ ನನ್ನ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಅದನ್ನು ಕೈಬಿಟ್ಟ. ಕಾರಣ ಕೇಳಿದೆ. “ಕಛೇರಿ ಮಾಡುವಷ್ಟು ನನಗೆ ಬರುವುದಿಲ್ಲ ಸರ್. ಮನೆಯಲ್ಲಿ ಒಬ್ಬನೇ ಊದಿ ಎಂತ ಮಾಡುವುದು?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಅವನೊಬ್ಬನದಲ್ಲವೆಂದು ತೋರಿದುದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಕೊಳಲು ಒಂದೋ ವೇದಿಕೆಯ ನಡುವೆ ಮೆರೆಯಬೇಕು, ಇಲ್ಲವೇ ನೃತ್ಯದ ಬದಿಯಲ್ಲಿ ಪಕ್ಕವಾದ್ಯವಾಗಬೇಕು. ಮೂರು ನಾಲ್ಕು ಮಂದಿ ಸಮಾನರಾಗಿ ಚಾವಡಿಯಲ್ಲಿ ಕುಳಿತು, ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸುವಂಥ ಕೃತಿಗಳು ತೀರ ವಿರಳ. ಪಾಶ್ಚಾತ್ಯರು ಇಂತಹುದನ್ನು ‘ಚೇಂಬರ್ ಮ್ಯೂಸಿಕ್’ ಎನ್ನುತ್ತಾರೆ.

ಅವರ ರೆಕಾರ್ಡರ್ ಎಂಬ ಕೊಳಲಿನ ಕಥೆ ಇಲ್ಲಿ ಮನನೀಯವಾದುದು. ಅದು ನೇರವಾಗಿ ಹಿಡಿದು ಊದುವ ವಾದ್ಯ. ಮುಂದೆ ಏಳು ರಂಧ್ರ, ಹಿಂದೆ ಹೆಬ್ಬೆರಳಿಗೊಂದು. ಪ್ಲಾಸ್ಟಿಕ್ಕಿನದನ್ನು ಮಾತ್ರ ಕಂಡವರು ಮಕ್ಕಳ ಪೀಪಿಯೆಂದೇ ಬಗೆಯುವರು. ಹದಿನೆಂಟನೆಯ ಶತಮಾನದಲ್ಲಿ ಅಡ್ಡಗೊಳಲು ಮೇಲುಗೈಯಾಗಲು ಇದು ಮೂಲೆಗೆ ಸರಿಯಿತು. ಮೊದಲ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಆರ್ನಾಲ್ಡ್ ಡಾಲ್ಮೆಚ್ ಅದನ್ನು ಮತ್ತೆ ತಯಾರಿಸಿದರು. ಆದರೆ ಹಳೆಯ ಕೃತಿಗಳನ್ನಷ್ಟೇ ನುಡಿಸುತ್ತಿದ್ದರೆ ಅದು ವಸ್ತುಸಂಗ್ರಹಾಲಯದ ಸೊತ್ತಾಗಿಯೇ ಉಳಿಯುತ್ತಿತ್ತು. ಅದಕ್ಕೆ ಜೀವ ಬಂದುದು ಹೊಸ ಕೃತಿಗಳಿಂದ. 1932ರಲ್ಲಿ ಜರ್ಮನಿಯ ಹಿಂಡೆಮಿತ್ ಮೂರು ರೆಕಾರ್ಡರುಗಳಿಗಾಗಿ ಬರೆದರು. 1975ರಲ್ಲಿ ಜಪಾನಿನ ರ‍್ಯೋಹೆಯ್ ಹಿರೋಸೆ ತಮ್ಮ ನಾಡಿನ ಶಾಕುಹಾಚಿ ಎಂಬ ಬಿದಿರುಗೊಳಲಿನ ಉಸಿರನ್ನೇ ಈ ಪರದೇಶದ ವಾದ್ಯಕ್ಕೆ ತುಂಬಿದರು. 1978ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಲ್ವರು ತರುಣರು ಕೂಡಿ ‘ಲೂಕಿ ಸ್ಟಾರ್‌ಡಸ್ಟ್’ ಎಂಬ ತಂಡ ಕಟ್ಟಿ ಲೋಕವನ್ನೇ ಸುತ್ತಿದರು.

ಪರದೇಶದ ವಾದ್ಯ, ನಮ್ಮ ಉಸಿರು: ಇದು ಮಂಗಳೂರಿಗರಿಗೆ ಹೊಸ ಸಂಗತಿಯೇನಲ್ಲ. ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತರು. ಅದನ್ನು ಗಮಕಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಣಾಟಕ ಸಂಗೀತವನ್ನು ನುಡಿಸಿದರು. ಅವರು ಪರದೇಶದಿಂದ ತಂದದ್ದು ವಾದ್ಯವನ್ನು. ನಾವೀಗ ತರಬೇಕಾದದ್ದು ರೂಪವನ್ನು. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಅಳುಕಬೇಕಾದುದೇನೂ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸದ ಕಟ್ಟನ್ನು ಕಳಚಿದಾಗ ಕನ್ನಡ ಕಾವ್ಯ ಕೆಟ್ಟುಹೋಗಲಿಲ್ಲ. ಇಟಲಿಯ ಹದಿನಾಲ್ಕು ಸಾಲಿನ ಸಾನೆಟ್ಟು ನಮ್ಮಲ್ಲಿ ಸುನೀತವಾಗಿ ಬೇರೂರಿತು.

ಹಲವು ಕೊಳಲು ಸೇರಿದರೆ ರಾಗಭಾವ ಕೆಡುತ್ತದೆ, ಸ್ವರಗಳ ರಾಶಿಯಲ್ಲಿ ಗಮಕ ಮುಳುಗಿಹೋಗುತ್ತದೆ ಎಂದು ಬಲ್ಲವರು ಆಕ್ಷೇಪಿಸಬಹುದು. ಈ ಆಕ್ಷೇಪ ತಳ್ಳಿಹಾಕುವಂಥದಲ್ಲ. ಆದರೆ ಒಟ್ಟಿಗೆ ನುಡಿಸುವುದೆಂದರೆ ಸ್ವರಗಳನ್ನು ಒಂದರ ಮೇಲೊಂದು ಪೇರಿಸುವುದೇ ಆಗಬೇಕೆಂದಿಲ್ಲ. ಯಕ್ಷಗಾನದ ಹಿಮ್ಮೇಳವನ್ನು ನೋಡಿ: ಭಾಗವತರ ಹಾಡು, ಮದ್ದಳೆಯ ಮಾತು, ಚೆಂಡೆಯ ಮರುಮಾತು, ಒಬ್ಬನು ಸುಮ್ಮನಾದಾಗಲೇ ಇನ್ನೊಬ್ಬನಿಗೆ ಅವಕಾಶ. ಹಾಗೆಯೇ ಒಂದು ಉದ್ದನೆಯ ಕೊಳಲು ಶ್ರುತಿ ಹಿಡಿಯಲಿ, ಒಂದು ರಾಗವನ್ನು ಬೆಳೆಸಲಿ, ಮೂರನೆಯದು ಉತ್ತರ ಕೊಡಲಿ, ನಾಲ್ಕನೆಯದು ತಾಳದ ನಡೆಯಲ್ಲಿ ನುಡಿಯಲಿ. ಬೆರಳನ್ನು ಜಾರಿಸಿ ರಂಧ್ರವನ್ನು ಅರೆ ತೆರೆದರೆ ಗಮಕಕ್ಕೂ ಎಡೆಯುಂಟು. ಇದಕ್ಕೆ ರೆಕಾರ್ಡರೇ ಬೇಕೆಂದಿಲ್ಲ, ನಮ್ಮ ಬಿದಿರು ಸಾಕು.

ಸಂಗೀತವು ವಿದ್ವಾಂಸರಿಂದ ಬೆಳೆಯುತ್ತದೆ, ನಿಜ. ಆದರೆ ಬಾಳುವುದು ಸಾಧಾರಣವಾಗಿ ನುಡಿಸಬಲ್ಲ ಸಾವಿರಾರು ಮಂದಿಯಿಂದ. ಅವರಿಗೆ ನಾವು ಕಛೇರಿಯ ಶಿಖರವನ್ನಷ್ಟೇ ತೋರಿಸಿ, ನಡುವೆ ತಂಗಲು ಒಂದು ಜಗಲಿಯನ್ನೂ ಕಟ್ಟಿಲ್ಲ. ಊರಿನ ಸಂಗೀತ ಶಿಕ್ಷಕರಲ್ಲಿ ನನ್ನ ಬಿನ್ನಹವಿಷ್ಟೆ: ನಾಲ್ಕು ಕೊಳಲಿಗೆ ಹತ್ತು ನಿಮಿಷದ, ಸಾಧಾರಣ ಕೈಗೆ ಎಟಕುವಂಥ ಒಂದು ಕೃತಿಯನ್ನು ರಚಿಸಿಕೊಡಿ. ನುಡಿಸುವವರಲ್ಲಿ ಒಬ್ಬನನ್ನು ಕರೆತರುವ ಹೊಣೆ ನನ್ನದು.