ಮನೆಯ ದೀಪ ಕಾಣುವಷ್ಟು ಸಮೀಪದಲ್ಲಿ

‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಗಾದೆಯನ್ನು ನಾವು ಸಣ್ಣಪುಟ್ಟ ನಷ್ಟಗಳಿಗೂ ಬಳಸುತ್ತೇವೆ. ಆ ಮಾತಿನ ಪೂರ್ಣ ಭಾರವನ್ನು ಹೊತ್ತ ಘಟನೆಯೊಂದು 1919ರ ಹೊಸ ವರ್ಷದ ಮೊದಲ ದಿನ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ನಡೆಯಿತು.

ಮೀನುಗಾರಿಕೆ ಮತ್ತು ತುಂಡು ಭೂಮಿಯ ಬೇಸಾಯವನ್ನು ನಂಬಿದ ದ್ವೀಪವದು. ಮೊದಲನೆಯ ಮಹಾಯುದ್ಧಕ್ಕೆ ಅಲ್ಲಿಂದ ಸುಮಾರು 6,000 ಮಂದಿ ತೆರಳಿದ್ದರು. 1918ರ ನವೆಂಬರ್ 11ರಂದು ಯುದ್ಧ ನಿಂತಿತು. ಡಿಸೆಂಬರ್ 31ರಂದು ರಜೆ ಪಡೆದ ನಾವಿಕರು ರೈಲುಗಳಲ್ಲಿ ಬಂದು, ಕೈಲ್ ಆಫ್ ಲಾಖಾಲ್ಶ್ ಎಂಬ ಬಂದರಿನಲ್ಲಿ ನೆರೆದರು. ದಿನವಹಿ ಓಡಾಡುವ ‘ಶೀಲಾ’ ಎಂಬ ಅಂಚೆಯ ಹಡಗು ಎಲ್ಲರಿಗೂ ಸಾಲದೆ ಹೋದುದರಿಂದ, ಉಳಿದವರಿಗಾಗಿ ನೌಕಾಪಡೆಯ ‘ಅಯೊಲೇರ್’ ಹಡಗನ್ನು ಕಳುಹಿಸಲಾಯಿತು. ಗೇಲಿಕ್ ಭಾಷೆಯಲ್ಲಿ ಆ ಹೆಸರಿಗೆ ‘ಹದ್ದು’ ಎಂದರ್ಥ. ಹಡಗನ್ನೇರಿದವರು ಸುಮಾರು 280 ಮಂದಿ. ಅದರಲ್ಲಿದ್ದ ಜೀವರಕ್ಷಕ ದೋಣಿಗಳು 100 ಮಂದಿಗೆ ಸಾಲುವಷ್ಟು. ತೇಲುಕವಚಗಳು ಕೇವಲ 80.

ಮನೆಗಳಲ್ಲಿ ತಾಯಂದಿರೂ ಮಡದಿಯರೂ ಒಲೆಯ ಬೆಂಕಿ ಆರದಂತೆ ನೋಡಿಕೊಂಡು ಕಾಯುತ್ತಿದ್ದರು. ಕತ್ತಲು ಕವಿದಿತ್ತು, ಗಾಳಿ ಬಲವಾಗತೊಡಗಿತ್ತು. ರಾತ್ರಿ ಎರಡು ಗಂಟೆಗೆ ತುಸು ಮುಂಚೆ ಹಡಗು ಸ್ಟೋರ್ನೊವೇ ಬಂದರಿನ ಬಾಗಿಲಲ್ಲಿರುವ ಬಂಡೆಗಳಿಗೆ ಅಪ್ಪಳಿಸಿತು. ಬಂದರಿಗೆ ಒಂದು ಮೈಲಿಯಷ್ಟೂ ದೂರವಿರಲಿಲ್ಲ; ದಡಕ್ಕಂತೂ ಸುಮಾರು ಇಪ್ಪತ್ತು ಗಜ. ಆದರೆ ಆ ಇಪ್ಪತ್ತು ಗಜಗಳೇ ದಾಟಲಾಗದ ಕಡಲಾದವು. ನಾಲ್ಕು ವರ್ಷಗಳ ಯುದ್ಧದಲ್ಲಿ ಉಳಿದು ಬಂದವರು ತಮ್ಮ ಊರಿನ ದಡದಲ್ಲಿಯೇ ಅಸುನೀಗಿದರು. ಸತ್ತವರು 201 ಮಂದಿ.

ಆ ಕಗ್ಗತ್ತಲಲ್ಲಿಯೂ ಮಾನವೀಯತೆಯ ಬೆಳಕು ಆರಿರಲಿಲ್ಲ. ಜಾನ್ ಎಫ್. ಮ್ಯಾಕ್ಲೌಡ್ ಎಂಬ ನಾವಿಕನು ಹಗ್ಗವೊಂದನ್ನು ಹಿಡಿದು, ಅಲೆಗಳೊಡನೆ ಹೋರಾಡುತ್ತ ಈಜಿ ದಡ ಸೇರಿದನು. ಆ ಹಗ್ಗವನ್ನು ಹಿಡಿದು ಸುಮಾರು 40 ಮಂದಿ ಬದುಕಿಕೊಂಡರು. ಮತ್ತೊಬ್ಬನು ಬೆಳಗಾಗುವವರೆಗೂ ಹಡಗಿನ ಕಂಬವನ್ನು ಅಪ್ಪಿಕೊಂಡಿದ್ದು ಜೀವ ಉಳಿಸಿಕೊಂಡನು.

ಫೆಬ್ರವರಿಯಲ್ಲಿ ಸ್ಟೋರ್ನೊವೇಯಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಬಂದರನ್ನು ಸಮೀಪಿಸುವಾಗ ಅಧಿಕಾರಿಗಳು ತಕ್ಕ ಎಚ್ಚರ ವಹಿಸಲಿಲ್ಲ, ವೇಗವನ್ನು ತಗ್ಗಿಸಲಿಲ್ಲ, ಜೀವರಕ್ಷಣೆಯ ಸಾಧನಗಳು ಸಾಲದಾಗಿದ್ದವು ಎಂದು ಪಂಚರು ತೀರ್ಪಿತ್ತರು. ಆದರೆ ಹಡಗಿನ ಅಧಿಕಾರಿಗಳಲ್ಲಿ ಒಬ್ಬನೂ ಉಳಿದಿರಲಿಲ್ಲ. ಆದ್ದರಿಂದ ದಾರಿ ಏಕೆ ತಪ್ಪಿತೆಂಬ ಪ್ರಶ್ನೆಗೆ ಉತ್ತರ ದೊರೆಯಲೇ ಇಲ್ಲ. ಇದಕ್ಕೂ ಮೊದಲೇ, ಎಷ್ಟೋ ದೇಹಗಳು ಇನ್ನೂ ಸಿಗದಿರುವಾಗ, ಆ ಒಡೆದ ಹಡಗನ್ನು ನೌಕಾ ಇಲಾಖೆಯು ಮಾರಾಟಕ್ಕಿಟ್ಟಿತು. ನೊಂದವರ ಎದೆಯ ಮೇಲೆ ಅದು ಮತ್ತೊಂದು ಬರೆಯಾಯಿತು.

ಇದಾದ ಮೇಲೆ ದ್ವೀಪದಲ್ಲಿ ನೆಲೆಸಿದ್ದು ಮೌನ. ಒಂದೇ ಹಳ್ಳಿಯಲ್ಲಿ ಉಳಿದವನ ಮನೆಯೂ ಅಳಿದವನ ಮನೆಯೂ ಇರುವಾಗ ಯಾರು ಯಾರಿಗೆ ಏನೆಂದು ಹೇಳಬೇಕು? ಬದುಕಿ ಬಂದವರಲ್ಲಿ ಅನೇಕರು ಸ್ವಂತ ಮಕ್ಕಳ ಮುಂದೆಯೂ ಆ ರಾತ್ರಿಯ ಮಾತೆತ್ತಲಿಲ್ಲ. ದುರಂತದ ಸ್ಥಳದಲ್ಲಿ ಸ್ಮಾರಕ ನಿಲ್ಲಲು ಸುಮಾರು ನಾಲ್ಕು ದಶಕಗಳೇ ಹಿಡಿದವು. 2019ರ ಜನವರಿಯಲ್ಲಿ ಶತಮಾನದ ಸ್ಮರಣೆ ನಡೆದಾಗ, ಅಜ್ಜಂದಿರು ನುಂಗಿಕೊಂಡ ಮಾತುಗಳನ್ನು ಮೊಮ್ಮಕ್ಕಳು, ಮರಿಮಕ್ಕಳು ಹುಡುಕಿ ಆಡಬೇಕಾಯಿತು.

ದುಃಖವನ್ನು ನುಂಗಿ ಬಾಳುವುದು ಹಿರಿಯ ಗುಣವೆಂದು ನಾವು ಭಾವಿಸಿದ್ದೇವೆ. ಅದು ಸುಳ್ಳಲ್ಲ. ಆದರೆ ನುಂಗಿದ ದುಃಖ ಕರಗುವುದಿಲ್ಲ; ಆಸ್ತಿಯಂತೆ ಅದೂ ಮುಂದಿನ ಪೀಳಿಗೆಗೆ ಇಳಿದು ಬರುತ್ತದೆ. ನಮ್ಮ ಮನೆಗಳಲ್ಲಿಯೂ ಅಕಾಲದಲ್ಲಿ ಅಗಲಿದ ಮಗನ ಹೆಸರನ್ನು ಎತ್ತದೆ ದಿನ ದೂಡುವ ತಾಯಿಯಿರಬಹುದು, ಹಳೆಯ ನೋವೊಂದನ್ನು ಯಾರಿಗೂ ಹೇಳದ ತಂದೆಯಿರಬಹುದು. ಅವರಾಗಿಯೇ ಹೇಳಲೆಂದು ಕಾಯುವುದು ಬೇಡ. ಬಿಡುವಾದ ಒಂದು ಸಂಜೆ ಅವರ ಬಳಿ ಕುಳಿತು, ಅಗಲಿದವರ ಹೆಸರು ಹಿಡಿದು ವಿಚಾರಿಸೋಣ. ಅವರು ಮಾತನಾಡಿದರೆ ಕೇಳೋಣ. ಅತ್ತರೆ ಅಳಲು ಬಿಡೋಣ. ಆ ರಾತ್ರಿ ಒಂದು ಹಗ್ಗ ನಾಲ್ವತ್ತು ಮಂದಿಯನ್ನು ದಡ ಸೇರಿಸಿತು. ದುಃಖದಲ್ಲಿ ಮುಳುಗಿದವರಿಗೆ ಆತ್ಮೀಯರ ಒಂದು ಮಾತೂ ಅಂತಹ ಹಗ್ಗವೇ.