ನಗಿಸಿ ಚುಚ್ಚುವ ಹಾಡು

ಹಾಡು ಕಿವಿಗೆ ಇಂಪಾಗಿದ್ದರೆ ಸಾಕು, ಅದರ ಮಾತು ಯಾರಿಗೆ ಬೇಕು ಎನ್ನುವವರು ನಮ್ಮಲ್ಲಿ ಬಹಳ. ನಾನು ಇದನ್ನು ಒಪ್ಪುವುದಿಲ್ಲ. ಸಂಗೀತಕ್ಕೆ ರಂಜಿಸುವ ಗುಣವಿರುವಂತೆ ಕುಟುಕುವ ಗುಣವೂ ಉಂಟು.

ನಮ್ಮ ಸೀಮೆಗೆ ಇದು ಹೊಸದಲ್ಲ. ಚಿಪ್ಪಗಿರಿಯಲ್ಲಿ ವಿಜಯದಾಸರ ಕಟ್ಟೆಯಿದೆ. ಅವರು ಗುರುವೆಂದು ನಂಬಿದ ಪುರಂದರದಾಸರು, ಹೊಟ್ಟೆಪಾಡಿಗಾಗಿ ವಿರಕ್ತರ ವೇಷ ತೊಟ್ಟವರನ್ನು ಹಾಡಿನಲ್ಲೇ ಗೇಲಿ ಮಾಡಿದರು. ದಾಸರು ಮೊದಲು ಸಿರಿವಂತ ವ್ಯಾಪಾರಿಯಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಹಣದ ರುಚಿ ಕಂಡವರೇ ಹಣವನ್ನು ಹಂಗಿಸಿದರೆ ಆ ಮಾತಿಗೆ ತೂಕ ಹೆಚ್ಚು.

ದೂರದ ಇಂಗ್ಲೆಂಡಿನಲ್ಲಿಯೂ ಇಂಥ ಕೆಲಸ ನಡೆದಿದೆ. ಪಿಂಕ್ ಫ್ಲಾಯ್ಡ್ ಎಂಬ ವಾದ್ಯತಂಡ 1973ರಲ್ಲಿ ‘ಮನಿ’, ಅಂದರೆ ‘ಹಣ’, ಎಂಬ ಹಾಡನ್ನು ಹೊರತಂದಿತು. ಅದರ ಆರಂಭದಲ್ಲಿ ಕೇಳುವುದು ನಾಣ್ಯಗಳ ಝಣಝಣ, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾ ತೆರೆಯುವ ಸದ್ದು. ಅವನ್ನೇ ಏಳರ ಎಣಿಕೆಗೆ ಹೊಂದಿಸಿ ತಾಳ ಮಾಡಿದ್ದಾರೆ. ನಮ್ಮ ಮಿಶ್ರಛಾಪು ಬಲ್ಲವರಿಗೆ ಈ ಲೆಕ್ಕ ತಿಳಿಯುತ್ತದೆ. ವಿಶೇಷವೆಂದರೆ, ಈ ಹಾಡು ದುರಾಸೆಯವನನ್ನು ಬೈಯುವುದಿಲ್ಲ. ದುರಾಸೆಯವನೇ ‘ನಾನು’ ಎಂದು ಹಾಡುತ್ತಾನೆ. ಜೊತೆಗೆ ಗುನುಗಿದವನು ತನ್ನ ಆಸೆಯನ್ನು ತಾನೇ ಸಾರಿಕೊಂಡಂತೆ! ಆ ಹಾಡಿದ್ದ ಮುದ್ರಿಕೆ ಕೋಟಿಗಟ್ಟಲೆ ಮಾರಾಟವಾಗಿ ತಂಡದವರೂ ಧನಿಕರಾದರೆಂಬುದು ಬೇರೆ ತಮಾಷೆ. 1977ರ ‘ಅನಿಮಲ್ಸ್’ ಎಂಬ ಮುದ್ರಿಕೆಯಲ್ಲಿ ಅದೇ ತಂಡ ಮನುಷ್ಯರನ್ನು ನಾಯಿ, ಹಂದಿ, ಕುರಿಗಳೆಂದು ವಿಂಗಡಿಸಿತು. ಕ್ರೂರಿಗಳ ಜೊತೆಗೆ, ಬಾಯಿ ಮುಚ್ಚಿಕೊಂಡು ಹಿಂಬಾಲಿಸುವ ಕುರಿಗಳನ್ನೂ ಅದು ಬಿಡಲಿಲ್ಲ.

ಈಗ ನಮ್ಮ ಊರುಗಳ ಮದುವೆಗಳನ್ನು ನೋಡಿರಿ. ಆದೋನಿ ಮಾರುಕಟ್ಟೆಯಲ್ಲಿ ಹತ್ತಿ ಮಾರಿದ ಹಣ, ಗುಂಟೂರಿನ ಕಡೆ ಹೋಗಿ ಮೆಣಸಿನಕಾಯಿ ಬಿಡಿಸಿ ತಂದ ಕೂಲಿ, ಎಲ್ಲವೂ ವರನ ಮೋಟಾರ್ ಸೈಕಲ್ಲಿಗೆ, ಬಂಗಾರಕ್ಕೆ ಹೋಗುತ್ತದೆ. ಹೆತ್ತವರ ಜೊತೆ ವಲಸೆ ಹೋದ ಮಕ್ಕಳ ಹಾಜರಿಯೂ ಅದರೊಂದಿಗೆ ಹೋಗುತ್ತದೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ! ಕೊಡುವವರೂ ಪಡೆಯುವವರೂ ಧ್ವನಿವರ್ಧಕದ ಅಬ್ಬರಕ್ಕೆ ತಲೆದೂಗುತ್ತಾರೆ. ಊಟ ಮಾಡಿ ಹರಸಿ ಬರುವ ನಾವು ಕುರಿಗಳಲ್ಲದೆ ಮತ್ತೇನು? ಪೋಷಕರು ಕ್ಷಮಿಸಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಸೂಚನೆ. ಮುಂದಿನ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಕುಣಿತ ಒಂದು ಕಡಿಮೆಯಾಗಲಿ. ಅದರ ಬದಲು ವರದಕ್ಷಿಣೆಯ ಮೇಲೆ ನೀವೇ ಒಂದು ಹಾಡು ಕಟ್ಟಿರಿ. ಉಪದೇಶ ಬೇಡ. ವರನ ತಂದೆಯೇ ಹೆಮ್ಮೆಯಿಂದ ಪಟ್ಟಿ ಓದುವಂತೆ ಹಾಡಿಸಿರಿ. ತಾಳಕ್ಕೆ ಒಂದು ಡಬ್ಬಿ ಚಿಲ್ಲರೆ ಸಾಕು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತವರು ಸ್ವಲ್ಪ ಅತ್ತಿತ್ತ ಮಿಸುಕಾಡಬಹುದು, ಮಿಸುಕಾಡಲಿ.